ಜ್ವಾಳ ಹೆಚ್ಚ್ಯಾವ

ಮದುವೆಯಾಗಿ ಕೊಪ್ಪಳಕ್ಕೆ ಬಂದಾಗ ನನಗೆ ಬೀಸಲು ಬರುತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿತ್ತು, ಎಮ್ಮೆ ಹಿಂಡಲು ಬರುತ್ತಿತ್ತು. ಕೊಳ್ಳಲು ಮಾತ್ರ ಬರುತ್ತಿರಲಿಲ್ಲ. ಮಂಗಳೂರಿನ ಹುಡುಗಿಗೆ ಅದನ್ನು ಕಲಿಸುವವರು ಯಾರು? ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಸೀಮೆಯ ಮಂಗಳೂರು. ಅಲ್ಲಿ ಜೋಳ ಅಂಗಡಿಯಿಂದ ಬರುತ್ತಿರಲಿಲ್ಲ, ನೆಲದೊಳಗಿನಿಂದ ಬರುತ್ತಿತ್ತು. ಅಂಗಳದಲ್ಲಿ ಹಗೇವು ಇತ್ತು. ಕಲ್ಲು ಸರಿಸಿ, ಒಳಗಿನ ಬಿಸಿ ಗಾಳಿ ಹೋಗಲೆಂದು ಒಂದಿಷ್ಟು ಹೊತ್ತು ಬಿಟ್ಟು, ಆಮೇಲೆ ಆಳು ಇಳಿದು ಬುಟ್ಟಿ ಬುಟ್ಟಿ ಜೋಳ ಮೇಲೆ ಕೊಡುತ್ತಿದ್ದ. ಅದು ಪಡಸಾಲೆಯ ಮೂಲೆಯ ಗುಮ್ಮಿಗೆ ಬೀಳುತ್ತಿತ್ತು. ಗುಮ್ಮಿ ಎಂದರೆ ಹೆಣೆದು ಸಗಣಿ ಸಾರಿಸಿದ ಕಣಜ, ನನ್ನ ಎದೆಯೆತ್ತರ ಇತ್ತು. ಅವ್ವ ಸೇರು ಹಿಡಿದು ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದಳು. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು.

ಮನೆಗೆ ಬೇಕಾದ ಉಳಿದದ್ದೆಲ್ಲ ಬಾಗಿಲಿಗೆ ಬರುತ್ತಿತ್ತು. ಬದನೆಕಾಯಿಯವಳು ಬಂದರೆ ಮೊರದಲ್ಲಿ ಜೋಳ, ಉಪ್ಪಿನ ಗಾಡಿ ಬಂದರೆ ಮೊರದಲ್ಲಿ ಜೋಳ, ಬಳೆಗಾರ ಬಂದರೂ ಅದೇ ಜೋಳ. ಕೊಟ್ಟ ಮೇಲೆ ‘ಕೊಸರು ಹಾಕ’ ಎಂದು ಕೈ ಒಡ್ಡುವುದು ನಮ್ಮ ಹಕ್ಕು, ‘ನೀನೂ ಒಂದ್ ಹಿಡಿ ಹಾಕವ್ವ’ ಎನ್ನುವುದು ಅವರ ಹಕ್ಕು. ಈ ಜಗಳವಿಲ್ಲದೆ ಒಂದು ದಂಟಿನ ಸೊಪ್ಪೂ ಮನೆಯೊಳಗೆ ಬರುತ್ತಿರಲಿಲ್ಲ.

ಇನ್ನೊಂದು ರೂಢಿ ಇತ್ತು. ನಾನು ಹೇಳಹೊರಟಿರುವುದೇ ಅದನ್ನು. ನಮ್ಮ ಮನೆಯಲ್ಲಿ ಕಾಳು ತೀರಿದರೆ ‘ಇಲ್ಲ’ ಎನ್ನುವಂತಿರಲಿಲ್ಲ. ಬಳೆ ಒಡೆದರೆ ಒಡೆಯಿತು ಎನ್ನದೆ ‘ಬಳಿ ಹೆಚ್ಚ್ಯಾವ’ ಎನ್ನುತ್ತೇವಲ್ಲ, ಹಾಗೆಯೇ ಜೋಳ ತೀರಿದರೆ ‘ಜ್ವಾಳ ಹೆಚ್ಚ್ಯಾವ’ ಎನ್ನಬೇಕು. ಗುಮ್ಮಿ ಬರಿದಾದರೂ ತಳದಲ್ಲಿ ಒಂದು ಹಿಡಿ ಕಾಳು ಬಿಟ್ಟಿರಬೇಕು, ಮುಚ್ಚಳ ಮುಚ್ಚಿರಬೇಕು. ಬರಿದಾದ ಗುಮ್ಮಿ ಬಾಯಿ ತೆರೆದು ನಿಲ್ಲಬಾರದು. ಚಿಕ್ಕವಳಿದ್ದಾಗ ಒಮ್ಮೆ ‘ಯವ್ವಾ, ಜ್ವಾಳ ಇಲ್ಲ’ ಎಂದು ಪಡಸಾಲೆಯಿಂದ ಕೂಗಿ ಬೆನ್ನಿಗೆ ಗುದ್ದು ತಿಂದಿದ್ದೇನೆ.

“ಅಸ್ತು ದೇವತಿ ತಿರಗ್ಯಾಡ್ತಿರ್ತಾಳ. ಇಲ್ಲ ಅಂದ್ರ ಆಕಿ ಅಸ್ತು ಅಂತಾಳ. ಹೆಚ್ಚ್ಯಾವ ಅನ್ನು,” ಎಂದಳು ಅವ್ವ.

ಅಂದಿನಿಂದ ನಾನು ‘ಇಲ್ಲ’ ಎಂಬ ಶಬ್ದವನ್ನು ಮನೆಯೊಳಗೆ ಆಡಲಿಲ್ಲ.

ನಮ್ಮ ಮನೆಯವರು ಕೊಪ್ಪಳದಲ್ಲಿ ಹತ್ತಿ ಹಿಂಜುವ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಹೊಲವಿಲ್ಲ, ತಂದೆತಾಯಿ ಇಲ್ಲ. ಸೋದರಮಾವನ ಮನೆಯಲ್ಲಿ ಬೆಳೆದು, ನಾಲ್ಕು ಅಕ್ಷರ ಕಲಿತು, ಪೇಟೆ ಸೇರಿದವರು. ಪೇಟೆಯ ಸಂಬಳಗಾರ ಅಳಿಯ ಸಿಕ್ಕನೆಂದು ನಮ್ಮಪ್ಪ ಊರ ತುಂಬ ಹೇಳಿಕೊಂಡು ತಿರುಗಿದ. ಸಂಬಳಗಾರನ ಹೆಂಡತಿ ದಿನಬೆಳಗಾದರೆ ಏನು ಮಾಡಬೇಕಾಗುತ್ತದೆ ಎಂದು ಯಾರೂ ಹೇಳಲಿಲ್ಲ.

ಕೊಪ್ಪಳದಲ್ಲಿ ನಾನು ಮಾಡಿದ ಮೊದಲ ವ್ಯಾಪಾರವೇ ಓಣಿಗೆಲ್ಲ ನಗೆಯ ಸರಕಾಯಿತು. ತವರಿನಿಂದ ಬರುವಾಗ ಅವ್ವ ಒಂದು ಚೀಲ ಜೋಳ ಕೊಟ್ಟಿದ್ದಳು. ಅದರಲ್ಲಿ ಒಂದಿಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾಯಿಪಲ್ಲೆ ತರಲು ಹೋದೆ. ಬದನೆಕಾಯಿ ಆರಿಸಿ ಪಕ್ಕಕ್ಕಿಟ್ಟು, ಸೆರಗು ಬಿಚ್ಚಿದೆ. ಮಾರುವವಳು ನನ್ನ ಮುಖ ನೋಡಿದಳು, ಸೆರಗು ನೋಡಿದಳು.

“ಜ್ವಾಳ ಒಯ್ದು ಏನ್ ಮಾಡ್ಲೆವ್ವ? ರೊಕ್ಕ ಕೊಡು. ಇದು ಪ್ಯಾಟಿ ಐತಿ,” ಎಂದಳು.

ಅಕ್ಕಪಕ್ಕದವರು ನಕ್ಕರು. ಜೋಳ ಮತ್ತೆ ಕಟ್ಟಿಕೊಂಡು ಬರಿಗೈಯಲ್ಲಿ ಬಂದೆ. ಜೋಳವನ್ನು ಬೇಡವೆನ್ನುವ ಊರು ಉಂಟೆಂದು ನನಗೆ ಆ ದಿನವೇ ಗೊತ್ತಾದದ್ದು. ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು.

ತವರಿನ ಚೀಲ ತೀರಿದ ಮೇಲೆ ಶೇಟನ ಅಂಗಡಿಗೆ ಹೋಗದೆ ಗತಿಯಿರಲಿಲ್ಲ. ಶೇಟ ದೂರದ ಸೀಮೆಯಿಂದ ಬಂದು ಗಾದಿ ಹಾಕಿ ಕೂತವನು. ಕನ್ನಡ ಲೆಕ್ಕಕ್ಕೆ ಬೇಕಾದಷ್ಟು ಬರುತ್ತಿತ್ತು. ಅವನ ಅಂಗಡಿಯಲ್ಲಿ ಕಾಳನ್ನು ಮುಟ್ಟುವಂತಿಲ್ಲ. ನಮ್ಮಲ್ಲಿ ಜೋಳ ಕೊಡುವವನೇ ಒಂದು ಮುಷ್ಟಿ ಅಂಗೈಗೆ ಹಾಕಿ ‘ಕಡದ್ ನೋಡ್ರಿ’ ಎನ್ನುತ್ತಾನೆ. ಇಲ್ಲಿ ನಾನು ಕೈ ಚಾಚಿದ್ದೇ ತಡ, ‘ಕೈ ಹಚ್ಚಬ್ಯಾಡ್ರಿ’ ಎಂದು ತಕ್ಕಡಿಯ ಕೋಲು ಅಡ್ಡ ಹಿಡಿದ. ಸೇರಿನ ಅಳತೆಯಿಲ್ಲ, ಲಾಭವಿಲ್ಲ, ಕೊಸರಂತೂ ಇಲ್ಲವೇ ಇಲ್ಲ. ತಕ್ಕಡಿಯ ತಟ್ಟೆ ಇನ್ನೂ ತೂಗಾಡುತ್ತಿರುವಾಗಲೇ ಕಾಳನ್ನು ಚೀಲಕ್ಕೆ ಸುರಿದು ಮುಂದಿನವರ ಮುಖ ನೋಡುತ್ತಿದ್ದ.

ಅಲ್ಲಿಗೆ ಹೋದ ಮೊದಲ ದಿನ, ಏನು ಬೇಕೆಂದು ಅವನು ಕೇಳಿದಾಗ, ನಾನು ಹುಟ್ಟಿದಂದಿನಿಂದ ಕಲಿತ ಮಾತನ್ನೇ ಆಡಿದೆ.

“ಮನಿಯಾಗ ಜ್ವಾಳ ಹೆಚ್ಚ್ಯಾವ್ರಿ.”

“ಹೆಚ್ಚಾದ್ರ ಇಲ್ಲಿ ತಗೊಂಡ್ ಬರ್ರಿ. ನಾ ಕೊಂಡ್ಕೋತೀನಿ,” ಎಂದ ಶೇಟ.

ಅಂಗಡಿಯ ಮುಂದೆ ನಿಂತಿದ್ದವರು ಘೊಳ್ಳೆಂದು ನಕ್ಕರು. ಶೇಟನಿಗೆ ತಿಳಿಯಲಿಲ್ಲ, ಸರಿ, ಅವನು ಬೇರೆ ಮಾತಿನವನು. ನಕ್ಕವರು ಯಾರು? ಎಲ್ಲರೂ ನಮ್ಮವರೇ. ತಮ್ಮ ತಮ್ಮ ಮನೆಯಲ್ಲಿ ಅದೇ ಮಾತು ಆಡುವವರು, ಹಾಗೆ ಆಡದಿದ್ದರೆ ಮಕ್ಕಳ ಬೆನ್ನಿಗೆ ಗುದ್ದುವವರು. ಶೇಟನ ಅಂಗಡಿಯ ಮುಂದೆ ಮಾತ್ರ ಶೇಟನ ಕಡೆ ನಿಂತು ನಕ್ಕರು. ಇಷ್ಟು ವರ್ಷವಾದರೂ ನಾನು ಅವರನ್ನು ಕ್ಷಮಿಸಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ.

ನಮ್ಮ ಪಕ್ಕದ ಮನೆ ಹಾಸಿಗೆಗೆ ಅರಳೆ ಹಿಂಜುವವರದು. ಆ ಮನೆಯ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಬೂಬು ಎನ್ನುತ್ತಿದ್ದರು. ಪೇಟೆಯಲ್ಲಿ ಕೊಳ್ಳುವುದನ್ನು ನನಗೆ ಕಲಿಸಿದವಳು ಅವಳು. ಯಾವ ಅಂಗಡಿಯವನು ಬೆಲ್ಲಕ್ಕೆ ನೀರು ಚಿಮುಕಿಸುತ್ತಾನೆ, ಯಾರ ಎಣ್ಣೆಯ ಅಳತೆಯ ತಳ ಒಳಗೆ ತಗ್ಗಿದೆ, ಸಂತೆಯಲ್ಲಿ ಯಾವ ಹೊತ್ತಿಗೆ ಹೋದರೆ ಮಾಲು ಅಗ್ಗ, ಎಲ್ಲ ಅವಳಿಗೆ ಗೊತ್ತಿತ್ತು. ಶೇಟನ ಅಂಗಡಿಯ ಕತೆ ಕೇಳಿ ಅವಳು ನಗಲಿಲ್ಲ.

“ಅಂಗಡ್ಯಾಗ ಹಂಗ ಅನಬ್ಯಾಡ ತಂಗಿ. ಜ್ವಾಳ ಬೇಕಾಗ್ಯಾವ ಅನ್ನು. ಇಲ್ಲ ಅನ್ನೂದೂ ತಪ್ತು, ಅವ್ನಿಗೂ ತಿಳೀತು,” ಎಂದಳು.

‘ಬೇಕಾಗ್ಯಾವ’ ಎನ್ನುವುದನ್ನು ಕಲಿತೆ. ತಕ್ಕಡಿಯ ಮುಳ್ಳು ನೋಡುವುದನ್ನು ಕಲಿತೆ. ತಟ್ಟೆ ನಿಲ್ಲುವ ತನಕ ಚೀಲದ ಬಾಯಿ ಬಿಚ್ಚದಿರುವುದನ್ನೂ ಕಲಿತೆ. ಹೀಗೆ ಒಂದಿಷ್ಟು ವರ್ಷ ನಡೆಯಿತು. ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ತವರಿನಿಂದ ಬರುವಾಗ ಅವ್ವ ಒಂದು ಸಣ್ಣ ಗುಮ್ಮಿಯನ್ನೂ ಹೆಣೆಸಿ ಗಾಡಿಗೇರಿಸಿದಳು. ಅದರ ತುಂಬ ಜೋಳ ಹಾಕಿದ್ದಳು. ಪೇಟೆಯ ಮನೆಯಲ್ಲಿ ಗುಮ್ಮಿ ಇಟ್ಟುಕೊಂಡವಳು ನಮ್ಮ ಓಣಿಗೆಲ್ಲ ನಾನೊಬ್ಬಳೇ. ಅದನ್ನು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದೆ.

ಆಮೇಲೆ ಯುದ್ಧದ ಕಾಲ ಬಂತು. ಯುದ್ಧ ಎಲ್ಲಿ ನಡೆದಿತ್ತೋ ನಮಗೆ ಗೊತ್ತಿಲ್ಲ, ಜೋಳ ಮಾತ್ರ ನಮ್ಮ ಅಂಗಡಿಗಳಿಂದ ಮಾಯವಾಯಿತು. ಶೇಟನ ಅಂಗಡಿಯ ಮುಂಬಾಗಿಲಲ್ಲಿ ಖಾಲಿ ಚೀಲ, ಹಿಂಬಾಗಿಲಲ್ಲಿ ಬೇಡಿದಷ್ಟು ಜೋಳ. ದರ ಮಾತ್ರ ಕೇಳುವಂತಿರಲಿಲ್ಲ. ಹಳ್ಳಿಗಳಲ್ಲಿ ಸರಕಾರದವರು ಹಗೇವು ತೆಗೆಸಿ ಲೆವಿಯೆಂದು, ಸರಕಾರದ ಕಡ್ಡಾಯ ಪಾಲೆಂದು, ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಪರವಾನಗಿ ಇಲ್ಲದೆ ಒಂದೂರಿನಿಂದ ಇನ್ನೊಂದೂರಿಗೆ ಕಾಳು ಸಾಗಿಸುವಂತಿರಲಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ ಚೀಲಕ್ಕೆ ಕಬ್ಬಿಣದ ಸಳಿ ಚುಚ್ಚಿ ನೋಡುತ್ತಿದ್ದರು. ಹೀಗಾಗಿ ತವರಿನ ಗಾಡಿ ನಿಂತುಹೋಯಿತು. ನಮ್ಮಂಥವರಿಗೆ ಉಳಿದದ್ದು ಸರಕಾರಿ ಧಾನ್ಯದ ಅಂಗಡಿಯೊಂದೇ. ಅಲ್ಲಿ ಕಾಳು ಸಿಗಬೇಕಾದರೆ ಚೀಟಿ ಬೇಕು. ಚೀಟಿ ಕೊಡುವ ಮೊದಲು ಯಾರ ಮನೆಯಲ್ಲಿ ಎಷ್ಟು ಕಾಳಿದೆಯೆಂದು ತಪಾಸಣೆ ಮಾಡಲು ಒಬ್ಬ ಸಾಹೇಬ ಬರುತ್ತಾನೆ ಎಂದು ಸುದ್ದಿಯಾಯಿತು.

ಅವನು ಬಂದ ದಿನ ನಮ್ಮ ಮನೆಯವರು ಕಾರ್ಖಾನೆಗೆ ಹೋಗಿದ್ದರು. ಮಗಳು ಹಿಂದಿನ ಸಂಜೆಯಿಂದ ರೊಟ್ಟಿಗೆ ಹಟ ಹಿಡಿದಿದ್ದಳು. ಗುಮ್ಮಿಯ ತಳದಲ್ಲಿ ಆ ಒಂದು ಹಿಡಿ ಬಿಟ್ಟರೆ ಮತ್ತೇನೂ ಇರಲಿಲ್ಲ. ಸಾಹೇಬ ಒಳ್ಳೆಯ ಮನುಷ್ಯನಂತೆಯೇ ಕಂಡ. ಅವನ ಮಾತು ಉರ್ದು, ಆದರೆ ನಮಗಾಗಿ ಒಂದಿಷ್ಟು ಕನ್ನಡ ಕಲಿತುಕೊಂಡಿದ್ದ. ಹೆಂಗಸು ಒಬ್ಬಳೇ ಇದ್ದಾಳೆಂದು ಹೊಸ್ತಿಲು ದಾಟಲಿಲ್ಲ, ಹೊರಗೇ ನಿಂತು ಕೇಳಿದ.

“ಮನಿಯಾಗ ಜವಾರಿ... ಜೋಳ ಎಷ್ಟು ಅದಾವ?”

ಅಂಗಡಿಯಲ್ಲಾದರೆ ‘ಬೇಕಾಗ್ಯಾವ’ ಎನ್ನಬೇಕೆಂದು ಬೂಬು ಕಲಿಸಿದ್ದಳು. ಇವನು ಬಂದು ನಿಂತದ್ದು ಅಂಗಡಿಯಲ್ಲಲ್ಲ, ನನ್ನ ಮನೆಯ ಹೊಸ್ತಿಲಲ್ಲಿ. ಕೇಳಿದ್ದು ಏನು ಬೇಕೆಂದಲ್ಲ, ಎಷ್ಟು ಇವೆಯೆಂದು. ಮನೆಯೊಳಗೆ ನಿಂತು, ಗುಮ್ಮಿಯ ಎದುರು, ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂಬುದನ್ನು ಗುದ್ದು ತಿಂದು ಕಲಿತಿದ್ದೆನಲ್ಲ, ಅದೇ ಬಾಯಿಗೆ ಬಂತು.

“ಹೆಚ್ಚ್ಯಾವ್ರಿ.”

“ಹೆಚ್ಚು? ಬಹುತ್?”

ಅವನಿಗೆ ತಿಳಿಯಿತೆಂದೇ ನಾನು ತಿಳಿದೆ. ಪಾಪ, ನನ್ನ ಕಷ್ಟಕ್ಕೆ ಬೆರಗಾಗಿ ಮತ್ತೊಮ್ಮೆ ಕೇಳುತ್ತಿದ್ದಾನೆ ಎಂದುಕೊಂಡೆ.

“ಹೂಂನ್ರಿ, ಪೂರಾ ಹೆಚ್ಚ್ಯಾವ. ನಿನ್ನಿನ ಹೆಚ್ಚ್ಯಾವ.”

ಅವನು ಬಾಗಿಲಿನಿಂದಲೇ ಇಣುಕಿ, ಸಾರಿಸಿ ಮುಚ್ಚಳ ಮುಚ್ಚಿದ್ದ ಗುಮ್ಮಿಯನ್ನು ನೋಡಿದ. ತಲೆಯಾಡಿಸಿ ಬರೆದುಕೊಂಡು ಹೋದ. ಸುಳ್ಳು ಹೇಳದ ಹೆಂಗಸು ಎಂದು ಮನಸ್ಸಿನಲ್ಲಿ ಮೆಚ್ಚಿಕೊಂಡನೋ ಏನೋ.

ಸರಕಾರಿ ಅಂಗಡಿಯಲ್ಲಿ ನನ್ನ ಪಾಳಿ ಬಂದಾಗ ಅಲ್ಲಿ ಕೂತಿದ್ದ ಗುಮಾಸ್ತ ಯಾದಿ ನೋಡಿ ತಲೆ ಎತ್ತಿದ. ಅವನು ನಮ್ಮ ಸೀಮೆಯವನೇ, ಕುಷ್ಟಗಿ ಕಡೆಯವನು.

“ನಿಮ್ಮನಿಯಾಗ ಜ್ವಾಳ ಭಾಳ ಅದಾವಂತ ಬರದೈತ್ರಿ. ಮುಂದಿನ ತಪಾಸಣಿ ಆಗೂತನಕ ನಿಮಗ ಇಲ್ಲ.”

ಮಗಳು ಸೊಂಟದ ಮೇಲಿದ್ದಳು.

“ಹೆಚ್ಚ್ಯಾವ ಅಂದ್ರ ಏನಂತ ನಿಮಗ ತಿಳಿಯಂಗಿಲ್ಲೇನ್ರಿ? ನಿಮ್ಮವ್ವ ಏನಂತಾಳ ಮನಿಯಾಗ?” ಎಂದು ಕೇಳಿದೆ. ದನಿ ಏರಿತ್ತು, ಏರಲಿ ಎಂದು ಬಿಟ್ಟೆ.

ಅವನು ಈ ಸಲ ನನ್ನ ಮುಖ ನೋಡಲಿಲ್ಲ. “ನಮ್ಮವ್ವನೂ ಹಂಗ ಅಂತಾಳವ್ವ. ಆದ್ರ ಸಾಹೇಬ್ರು ಬರದದ್ದು ಅಳಸಾಕ ನನ್ನ ಕೈಲೆ ಆಗಂಗಿಲ್ಲ. ಮುಂದ ಸರೀರಿ,” ಎಂದ.

ಸರಿದೆ. ನನ್ನ ಹಿಂದೆ ನಿಂತವಳ ಚೀಲಕ್ಕೆ ಜೋಳ ಬೀಳುವ ಸದ್ದು ಕೇಳುತ್ತ ಸರಿದೆ. ಅಳೆಯುವವನು ‘ಲಾಭ’ ಎನ್ನಲಿಲ್ಲ, ‘ಒಂದು’ ಎಂದ. ಶೇಟನನ್ನಾದರೂ ನಾನು ಒಂದು ದಿನ ಮರೆತೇನು, ಈ ಕುಷ್ಟಗಿಯವನನ್ನು ಮರೆಯಲಾರೆ. ತಿಳಿಯದವನು ಬರೆದ, ಹೋಗಲಿ. ತಿಳಿದವನು ತಿಳಿದೂ ಮುಂದೆ ಸರಿ ಎಂದನಲ್ಲ.

ಮನೆಯಲ್ಲಿ ರಂಪವಾಯಿತು. “ಬಾಯಿ ಇದ್ದೂ ಒಂದ್ ಮಾತು ನೆಟ್ಟಗ ಆಡಾಕ ಬರಂಗಿಲ್ಲೇನ ನಿನಗ? ಇಲ್ಲ ಅಂದ್ರ ಬಾಯಾಗ ಹುಳ ಬೀಳ್ತಿತ್ತೇನು?” ಎಂದರು ನಮ್ಮ ಮನೆಯವರು.

“ನಿಮ್ಮ ಮಾವಾರ ಮನಿಯಾಗ ಏನಂತಿದ್ರಿ? ಹೇಳ್ರಿ ನೋಡೂಣು,” ಎಂದೆ.

ಅವರು ಟೋಪಿ ಹಾಕಿಕೊಂಡು ಹೊರಗೆ ಹೋದರು. ಅರ್ಜಿ ಬರೆಸಲು ಹೋಗಿದ್ದರಂತೆ. ಆಗ ಸರಕಾರದ ಕಾಗದವೆಲ್ಲ ಉರ್ದು, ಅರ್ಜಿಯೂ ಉರ್ದುವಿನಲ್ಲಿರಬೇಕಿತ್ತು. ಹೆಚ್ಚಿದೆ ಎಂದರೆ ತೀರಿದೆ ಎಂಬುದನ್ನು ಉರ್ದುವಿನಲ್ಲಿ ಹೇಗೆ ಬರೆಯಲಿ, ನನ್ನನ್ನು ಹುಚ್ಚ ಅಂದಾರು ಎಂದು ಬರೆಯುವವನು ಲೇಖಣಿ ಕೆಳಗಿಟ್ಟನಂತೆ. ಕೊನೆಗೆ ‘ಹೆಂಗಸು ಹೆದರಿ ತಪ್ಪು ಹೇಳಿದಳು’ ಎಂದು ಬರೆದರು. ನಾನು ಹೆದರಿರಲಿಲ್ಲ. ತಪ್ಪನ್ನೂ ಹೇಳಿರಲಿಲ್ಲ. ಆ ಅರ್ಜಿಗೆ ಉತ್ತರವೂ ಬರಲಿಲ್ಲ.

ಆ ದಿನಗಳಲ್ಲಿ ನಾವು ತಿಂದದ್ದು ಮುಗ್ಗಿದ ನುಚ್ಚು, ಬೂಬು ತನ್ನ ಪಾಲಿನಿಂದ ಸೆರಗಿನ ಮರೆಯಲ್ಲಿ ತಂದು ಹಾಕುತ್ತಿದ್ದ ಒಂದಿಷ್ಟು ಜೋಳ, ಮತ್ತು ಶೇಟನ ಹಿಂಬಾಗಿಲಿನಿಂದ ಸಿಕ್ಕಷ್ಟು. ಶೇಟನಿಗೂ ಸುದ್ದಿ ಮುಟ್ಟಿತ್ತು. ನನ್ನನ್ನು ಕಂಡ ಕೂಡಲೇ ‘ಹೆಚ್ಚ್ಯಾವೇನ್ರಿ ಅಕ್ಕಾರ?’ ಎಂದು ಕೇಳುತ್ತಿದ್ದ. ಈಗ ಅವನಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ‘ಇಲ್ಲ’ ಎನ್ನತೊಡಗಿದೆ. ಜ್ವಾಳ ಇಲ್ಲ. ಬ್ಯಾಳಿ ಇಲ್ಲ. ಎಣ್ಣಿ ಇಲ್ಲ. ಮೊದಮೊದಲು ನಾಲಿಗೆ ಹೊರಳುತ್ತಿರಲಿಲ್ಲ. ಆಮೇಲೆ ಮನೆಯಲ್ಲೂ ಹಾಗೆಯೇ ಎನ್ನತೊಡಗಿದೆ. ಮಗಳು ರೊಟ್ಟಿ ಕೇಳಿದರೆ ‘ಇಲ್ಲ’, ಮನೆಯವರು ಉಪ್ಪು ಕೇಳಿದರೆ ‘ಇಲ್ಲ’. ಗುಮ್ಮಿಯ ಮುಚ್ಚಳ ತೆಗೆದು ಗೋಡೆಗೆ ಒರಗಿಸಿದೆ, ಯಾರು ಬೇಕಾದರೂ ನೋಡಲಿ ಎಂದು. ತಳದ ಹಿಡಿ ಕಾಳನ್ನೂ ಬೀಸಿಬಿಟ್ಟೆ. ಅಸ್ತು ಎನ್ನುವವಳು ಎಂದೋ ಅಂದು ಮುಗಿಸಿದ್ದಳು, ಇನ್ನೇನು ಅಂದಾಳು ಎಂಬ ಸಿಟ್ಟು ನನಗಿತ್ತು.

ಮುಂದಿನ ತಪಾಸಣೆಯ ಸುಳಿವೇ ಇರಲಿಲ್ಲ. ಮಗಳ ಕೈಕಾಲು ಸಣ್ಣಗಾದವು. ಕೊನೆಗೆ ತವರಿಗೆ ಹೋಗಿ ಹೇಗಾದರೂ ಒಂದಿಷ್ಟು ಜೋಳ ತರುತ್ತೇನೆಂದು ಗಟ್ಟಿ ಮಾಡಿಕೊಂಡೆ. ಚೀಲದಲ್ಲಿ ತಂದರೆ ದಾರಿಯಲ್ಲಿ ಹಿಡಿಯುತ್ತಾರೆ. ಕೌದಿಯೊಳಗೆ ಜೋಳ ತುಂಬಿ ಹೊಲಿದು, ಮೇಲೆ ಮಗುವನ್ನು ಮಲಗಿಸಿಕೊಂಡರೆ ಯಾರೂ ಸಳಿ ಚುಚ್ಚುವುದಿಲ್ಲ ಎಂದು ಬೂಬು ಉಪಾಯ ಹೇಳಿಕೊಟ್ಟಳು. ತನ್ನದೇ ಒಂದು ದಪ್ಪ ಕೌದಿ ಕೊಟ್ಟಳು. ಅಂಚಿಗೆ ಸಡಿಲ ಹೊಲಿಗೆ ಹಾಕಿ, ಎಲ್ಲಿ ಬಿಚ್ಚಬೇಕೆಂದು ತೋರಿಸಿದಳು. ನಾನು ಮಗಳನ್ನೂ ಕೌದಿಯನ್ನೂ ಹೊತ್ತುಕೊಂಡು ಹೊರಟೆ.

ಅವ್ವ ಬಾಗಿಲಲ್ಲೇ ಕೂತಿದ್ದಳು. ಮೊಮ್ಮಗಳನ್ನು ಎತ್ತಿಕೊಂಡು ಅವಳ ತೋಳು ಹಿಡಿದು ನೋಡಿದಳು. ಕಾಲಿಗೆ ನೀರು ಕೊಟ್ಟಳು. ನನಗೆ ತಡೆಯಲಾಗಲಿಲ್ಲ. ನೀರಿನ ತಂಬಿಗೆ ಕೆಳಗಿಡುವ ಮೊದಲೇ ಕೇಳಿದೆ.

“ಯವ್ವಾ, ಜ್ವಾಳ ಎಷ್ಟರ ಅದಾವ?”

“ಹೆಚ್ಚ್ಯಾವವ್ವ,” ಎಂದಳು ಅವ್ವ.

ನನ್ನ ಜೀವ ಮರಳಿ ಬಂತು. ಹೆಚ್ಚಿವೆ! ಲೆವಿಯವರು ನಮ್ಮ ಹಗೇವು ಬಿಟ್ಟು ಹೋಗಿದ್ದಾರೆ! ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಅಲ್ಲೇ ಪಡಸಾಲೆಯಲ್ಲಿ ಕೌದಿ ಹಾಸಿ, ಮಂಡಿಯೂರಿ ಕೂತು, ಬೂಬು ತೋರಿಸಿದ ಕಡೆ ಹಲ್ಲಿನಿಂದ ದಾರ ಕಡಿದು ಹೊಲಿಗೆ ಬಿಚ್ಚತೊಡಗಿದೆ. ಎಷ್ಟು ಸೇರು ಹಿಡಿದೀತು, ಎಷ್ಟು ದಿನಕ್ಕಾದೀತು ಎಂದು ಏನೇನೋ ಮಾತಾಡುತ್ತಲೂ ಇದ್ದೆ.

“ಏನ್ ಮಾಡಾಕತ್ತೀ?” ಎಂದಳು ಅವ್ವ.

“ಜ್ವಾಳ ತುಂಬಾಕ. ಹೆಚ್ಚ್ಯಾವ ಅಂದ್ಯಲ್ಲ.”

ಅವ್ವ ನನ್ನನ್ನು ನೋಡಿದಳು. ಬೇರೆ ಊರಿನಿಂದ ಬಂದ ಯಾರನ್ನೋ ನೋಡುವಂತೆ ನೋಡಿದಳು. ನನಗೆ ಆಗ ತಿಳಿಯಿತು. ದಾರ ಹಲ್ಲಲ್ಲಿಯೇ ಉಳಿಯಿತು.

ಅವಳು ಎದ್ದು ಹೋಗಿ ಗುಮ್ಮಿಯ ಮುಚ್ಚಳ ತೆಗೆದಳು. ನಾನು ಎದ್ದು ಇಣುಕಿದೆ. ಸಾರಿಸಿದ ತಳ, ಅದರ ಮೇಲೆ ಒಂದು ಹಿಡಿ ಕಾಳು. ಲೆವಿಯವರು ಬರಿದು ಮಾಡಿ ಹೋಗಿದ್ದ ಅಂಗಳದ ಹಗೇವಿನ ಕಲ್ಲೂ ಮುಚ್ಚಿಯೇ ಇತ್ತು, ಅದರ ಮೇಲೆ ಅಂದು ಬೆಳಗ್ಗೆ ಹಾಕಿದ ರಂಗೋಲಿ ಇತ್ತು.

“ನಮ್ಮ ಮಾತು ನಿನಗ ತಿಳೀವಲ್ದಾತೇನ ಯವ್ವಾ?” ಎಂದಳು.

ಆ ಸಾಹೇಬನಿಗೆ ತಿಳಿಯಲಿಲ್ಲವೆಂದು ಕೊಪ್ಪಳದ ತುಂಬ ಕೂಗಾಡಿದವಳು ನಾನು. ಅವ್ವ ಅಳುಕುತ್ತ ಸುತ್ತ ಒಮ್ಮೆ ನೋಡಿ, ಮಗುವಿಗೆ ತಿಳಿಸಿ ಹೇಳುವಂತೆ ನಿಧಾನವಾಗಿ ಹೇಳಿದಳು.

“ಇಲ್ಲವ್ವ. ಜ್ವಾಳ ಇಲ್ಲ.”

ಆ ಪಡಸಾಲೆಯಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ನಾನು ಕೇಳಿದ್ದು ಅದೊಂದೇ ಸಲ. ಅದೂ ನನಗೆ ತಿಳಿಯಲೆಂದು. ನಾನು ಗೂಟದಲ್ಲಿದ್ದ ಸೂಜಿ ದಾರ ತೆಗೆದುಕೊಂಡು, ಗೋಡೆಯ ಕಡೆ ಮುಖ ಮಾಡಿ, ಬಿಚ್ಚಿದ ಕೌದಿಯ ಅಂಚನ್ನು ಮತ್ತೆ ಹೊಲಿಯುತ್ತ ಕೂತೆ.